ಬಸುರಿ ಬಟ್ಟಲು

ನಮ್ಮೂರಿನಲ್ಲಿ ಯಾರು ಎಷ್ಟು ಕುಡಿದರೂ ಅಮಲೇರುವುದಿಲ್ಲ. ಕೊಡಗಟ್ಟಲೆ ಶೆರೆ ಇಳಿಸಿದರೂ ಬರೀ ಉಚ್ಚೆ ಬರುತ್ತದೆ, ಹಾಡು ಬರುವುದಿಲ್ಲ. ಆದರೆ ಓಣಿಯ ಬಸುರಿಯೊಬ್ಬಳು ಒಂದು ಬಟ್ಟಲು ಕುಡಿದಳೋ, ಆ ಓಣಿಯಲ್ಲಿ ಮೀಸೆ ಬಂದವರಿಗೆ, ಸೀರೆ ಉಟ್ಟವರಿಗೆ, ಎಲ್ಲರಿಗೂ ಏರುತ್ತದೆ. ಅವಳಿಗೆ ಮಾತ್ರ ಏನೂ ಆಗುವುದಿಲ್ಲ. ತುಟಿ ಒರೆಸಿಕೊಂಡು ಎದ್ದು ಹೋಗಿ ರೊಟ್ಟಿ ಬಡಿಯುತ್ತಾಳೆ. ಹೊರಗೆ ಅವಳ ಮಾವ ಬೇವಿನ ಗಿಡ ತಬ್ಬಿಕೊಂಡು ಅಳುತ್ತಿರುತ್ತಾನೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಮಳೆ ಮೇಲಿಂದಲೇ ಯಾಕೆ ಬೀಳುತ್ತದೆ ಎಂದು ನಾನು ಕೇಳಿದ್ದೇನೆಯೇ?

ಇದಕ್ಕೆ ನಮ್ಮಲ್ಲಿ ಬಸುರಿ ಬಟ್ಟಲು ಎನ್ನುತ್ತಾರೆ. ಬೇರೆ ಕಡೆ ಮೂರನೇ ತಿಂಗಳಲ್ಲಿ ಕಳ್ಳ ಕುಬಸ ಮಾಡುತ್ತಾರಲ್ಲ, ಯಾರಿಗೂ ಹೇಳದೆ ಮನೆ ಮಟ್ಟಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದು, ಅದನ್ನು ನಮ್ಮಲ್ಲೂ ಮಾಡುತ್ತಾರೆ. ಹೆಸರಿಗೆ ಕಳ್ಳ ಕುಬಸ. ಬಂದು ಕೂರುವವರು ಊರ ತುಂಬ. ಅವತ್ತು ಮೊದಲ ಬಟ್ಟಲು. ಆಮೇಲೆ ಹಡೆಯುವ ತನಕ ಪ್ರತಿ ಸಂತೆಯ ದಿನವೂ ಒಂದೊಂದು. ಬೇರೆ ಓಣಿಯ ನೆಂಟರು ಮಧ್ಯಾಹ್ನವೇ ಬಂದು ಕಟ್ಟೆಯ ಮೇಲೆ ಜಾಗ ಹಿಡಿಯುತ್ತಾರೆ. ಹಿರಿಯರನ್ನು ಕೇಳಿದರೆ ಇದು ಸೇವೆ ಎನ್ನುತ್ತಾರೆ. ಶೆರೆ ಬಸುರಿಯ ಮೈಗೆ ಬಲ ಕೊಡುತ್ತದೆ, ಅದರ ಅಮಲು ಕೂಸಿಗೆ ತಟ್ಟದಿರಲೆಂದು ಓಣಿಯೇ ಹೊತ್ತುಕೊಳ್ಳುತ್ತದೆ. ಅಮಲೆಲ್ಲ ನಮಗೇ ಬಂದ ಮೇಲೆ ಕೂಸಿಗೆ ಉಳಿಯುವುದೇನು? ಲೆಕ್ಕ ಸರಿಯಾಗಿದೆ ಎಂದು ನಾನೂ ನಂಬಿದ್ದೆ. ಲೆಕ್ಕದ ವಿಷಯದಲ್ಲಿ ನಮ್ಮೂರವರನ್ನು ನಂಬಬಾರದು ಎನ್ನುವುದು ಆಮೇಲೆ ತಿಳಿಯಿತು.

ಯಾಕೆಂದರೆ ನಮ್ಮೂರ ಶಾಲೆಯಲ್ಲಿ ಮಗ್ಗಿ ಐದಕ್ಕೆ ಮುಗಿಯುತ್ತದೆ. ಹಿಂದೊಮ್ಮೆ ಒಬ್ಬ ಮಾಸ್ತರರು ಆರರದು ಶುರು ಮಾಡಿ, ಆರೊಂದ್ಲೆ ಆರು ಎಂದು ಹೇಳಿ, ಕಿಟಕಿಯ ಹೊರಗೆ ಕಾಗೆ ಕಂಡು ಅದರ ಹಿಂದೆ ಹೊರಟವರು ಮರಳಿ ಬಂದದ್ದು ಮುಂದಿನ ವರ್ಷ. ನಮ್ಮಲ್ಲಿ ಹಾಲು ಉಕ್ಕದ ಮನೆಯಿಲ್ಲ; ಊರಿಗೆ ಊರೇ ಸುಟ್ಟ ಹಾಲು ನಾರುತ್ತದೆ. ಜಗಳಕ್ಕೆ ನಿಂತವರು ಅರ್ಧಕ್ಕೆ ಬಂದಾಗ ಯಾತಕ್ಕೆ ಜಗಳವೆಂದು ಮರೆಯುತ್ತಾರೆ, ಆದರೂ ಮಧ್ಯೆ ಬಿಟ್ಟರೆ ಮರ್ಯಾದೆಯಲ್ಲ ಎಂದು ಮುಗಿಸಿಯೇ ಹೋಗುತ್ತಾರೆ. ಮರೆಯಬಾರದ ಕೆಲಸಕ್ಕೆ ಹೆಂಗಸರು ಸೆರಗಿಗೆ, ಗಂಡಸರು ಟವೆಲಿಗೆ ಗಂಟು ಹಾಕುತ್ತಾರೆ. ಗಂಟು ಯಾಕೆ ಹಾಕಿದ್ದೆಂದು ಮರೆಯುತ್ತಾರೆ. ಇನ್ನು ನಮ್ಮ ಮುಖ. ನಮ್ಮ ತಲೆ ಸಣ್ಣದು, ಮೇಲ್ದುಟಿ ತೆಳ್ಳಗೆ, ಮೂಗಿಗೂ ತುಟಿಗೂ ನಡುವೆ ನಿಮಗೆಲ್ಲ ಒಂದು ಸಣ್ಣ ತೋಡು ಇರುತ್ತದಲ್ಲ, ಅದು ನಮ್ಮಲ್ಲಿ ಇಲ್ಲ. ಸಾರಿಸಿದ ನೆಲ. ನಮ್ಮೂರ ಹಡಪದವನ ಕ್ಷೌರದ ಕತ್ತಿ ಅಲ್ಲಿ ಎಲ್ಲೂ ಎಡವುವುದಿಲ್ಲ. ಇದೆಲ್ಲ ಊರ ಗುಣ ಎಂದು ನಾವು ಹೆಮ್ಮೆಪಡುತ್ತಿದ್ದೆವು.

ಏನು ಹೇಳುತ್ತಿದ್ದೆ? ಹಾಂ, ನನ್ನ ಬಗ್ಗೆ ಹೇಳಿಲ್ಲ. ನನ್ನ ಹೆಸರು ಫಕೀರೇಶ. ಬಾಗಿಲಿಗೆ ಚಿತ್ರ ಬರೆಯುವುದು ನನ್ನ ಕಸುಬು. ನಮ್ಮವರಿಗೆ ಸಂಜೆಯಾದರೆ ಸ್ವಂತ ಮನೆ ಗುರುತು ಸಿಗುವುದಿಲ್ಲ, ಅದಕ್ಕೇ ಪ್ರತಿ ಬಾಗಿಲ ಮೇಲೂ ಒಂದು ಚಿತ್ರ ಬೇಕು. ಗಿಳಿಯ ಬಾಗಿಲು, ಗಡಿಗೆಯ ಬಾಗಿಲು, ಆನೆಯ ಬಾಗಿಲು. ಒಂದು ಸಲ ಎರಡು ಮನೆಗೆ ಒಂದೇ ನವಿಲು ಬರೆದುಬಿಟ್ಟೆ. ಒಬ್ಬನು ಇನ್ನೊಬ್ಬನ ಮನೆಯಲ್ಲಿ ಉಂಡು, ಕೈ ತೊಳೆಯುವಾಗ ಬಚ್ಚಲು ಬಲಕ್ಕಿದ್ದದ್ದು ಎಡಕ್ಕೆ ಹೇಗೆ ಹೋಯಿತೆಂದು ಯೋಚಿಸಿ ಮನೆಗೆ ಓಡಿದ. ಈ ಕಸುಬಿಗೆ ನಾನು ಬಿದ್ದದ್ದು ಅಪ್ಪನಿಂದ. ನಾನು ಸಣ್ಣವನಿದ್ದಾಗ ಪಕ್ಕದ ಊರ ಸಂತೆಗೆ ಹೋದ ಅಪ್ಪ ಇನ್ನೂ ಬಂದಿಲ್ಲ. ಆಗ ನಮ್ಮ ಬಾಗಿಲಿಗೆ ಚಿತ್ರವಿರಲಿಲ್ಲ. "ಗುರುತು ಸಿಕ್ಕಿರಲಿಕ್ಕಿಲ್ಲ ಪಾಪ, ಯಾರ್ದೋ ಬಾಗಲದಾಗ ನಿಂತಿರಬೇಕು" ಎಂದು ಅವ್ವ ಹೇಳುತ್ತಿದ್ದಳು. ನಾನು ಕುಂಚ ಹಿಡಿದ ಮೊದಲ ದಿನ ನಮ್ಮ ಬಾಗಿಲಿಗೇ ಒಂದು ಗಿಳಿ ಬರೆದೆ, ದೂರದಿಂದಲೂ ಕಾಣುವಷ್ಟು ದೊಡ್ಡದು. ಅಪ್ಪ ಬರಲಿಲ್ಲ.

ನನ್ನ ಅವ್ವ ಕಾಶವ್ವ ಸಾಮಾನ್ಯದವಳಲ್ಲ. ಊರಿನ ಎಲ್ಲ ಓಣಿಯ ಬಸುರಿ ಬಟ್ಟಲಿಗೂ ಶೆರೆ ಇಳಿಸುವವಳು ಅವಳೇ. ಬೆಲ್ಲ, ಒಣದ್ರಾಕ್ಷಿ, ಅಜವಾನ. ಹದ ಅವಳ ಮೂಗಿಗೆ ಮಾತ್ರ ಗೊತ್ತು. ಅವಳು ಎಲ್ಲ ಮರೆತರೂ ಆ ಹದ ಮರೆಯುವುದಿಲ್ಲ. ಶಾಲೆಯಲ್ಲಿ ಅಕ್ಷರ ನನ್ನ ಪಾಟಿಯ ಮೇಲೆ ನಿಲ್ಲುತ್ತಿರಲಿಲ್ಲ. ಮಾಸ್ತರರು ಸಿಟ್ಟಿನಿಂದ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಕರೆಯುವುದನ್ನು ಮರೆತು ಮನೆಗೆ ಹೋದರೆ, ಕತ್ತಲಾಗುವಾಗ ಬಂದು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದವಳು ಅವಳೇ. ದಾರಿಯುದ್ದಕ್ಕೂ ಮಾಸ್ತರರ ಏಳು ತಲೆಮಾರನ್ನು ಬೈಯುತ್ತಿದ್ದಳು. ಆದರೆ ಒಳಗೊಳಗೇ ಅವಳಿಗೆ ಒಂದು ನೋವಿತ್ತು. ನಾನು ಉಪ್ಪು ತರಲು ಹೋಗಿ ಆಡಿನಮರಿ ತಂದ ದಿನ, ಅವಳು ಬೈಯಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತು ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಒಲೆ ಹೊತ್ತಿಸಿರಲಿಲ್ಲ.

ನನ್ನ ಮದುವೆಯೂ ಮರೆವಿನಿಂದಲೇ ಆದದ್ದು. ಬಣ್ಣ ತರಲು ದೂರದ ಪೇಟೆಗೆ ಹೋಗಿದ್ದೆ. ದಾರಿ ತಪ್ಪಿ ಒಂದು ದರ್ಜಿ ಅಂಗಡಿಯ ಮುಂದೆ ನಿಂತು ಬಸ್ಸಿನ ದಾರಿ ಕೇಳಿದೆ. ಮಿಷನ್ನಿನ ಹಿಂದೆ ಕೂತ ಹುಡುಗಿ ಬಟ್ಟೆಯ ಅಂಚಿಗೆ ಸೀಮೆಸುಣ್ಣದಿಂದ ದಾರಿ ಗೀಚಿ ಕೊಟ್ಟಳು. ಆ ದಾರಿ ಹಿಡಿದು ಹೊರಟು ಮತ್ತೆ ಅಲ್ಲಿಗೇ ಬಂದೆ. ಮರುದಿನವೂ ಬಂದೆ, ಅದರ ಮರುದಿನವೂ ಬಂದೆ. ದಿನಾ ಬಂದು ಅದೇ ಹುಡುಗಿಯನ್ನು ಅದೇ ದಾರಿ ಕೇಳುವವನನ್ನು ನೋಡಿ ಅವಳಣ್ಣ ಏನು ತಿಳಿಯಬೇಕು? "ನೇರವಾಗಿ ಹೇಳೋ ಮಾರಾಯಾ" ಎಂದ. ನಾನೂ ನೇರವಾಗಿ ಹೂಂ ಎಂದೆ. ಹೀಗೆ ತುಳಜಾ ನಮ್ಮ ಮನೆಗೆ ಬಂದಳು, ಹೊಲಿಗೆ ಮಿಷನ್ನಿನ ಸಮೇತ. ಅವಳಿಗೆ ಮೂಗಿನ ಕೆಳಗೆ ಆಳವಾದ ತೋಡು. ಓಣಿಯ ಹೆಂಗಸರು ಕನಿಕರದಿಂದ, "ಸಣ್ಣಾಕಿದ್ದಾಗ ಬಿದ್ದಿದ್ದೇನವಾ?" ಎಂದು ಕೇಳಿದರು.

ಆಗ ನಮ್ಮ ಓಣಿಯಲ್ಲಿ ಬಸುರಿಯರಿಲ್ಲದೆ ಬಹಳ ಕಾಲವಾಗಿತ್ತು. ಗಂಡಸರ ಗಂಟಲು ಒಣಗಿತ್ತು. ಮದುವೆಯಾದ ಮರುದಿನದಿಂದಲೇ ಓಣಿಯ ಹಿರಿಯ ದುಂಡಪ್ಪಜ್ಜ ನನ್ನನ್ನು ಕಂಡಲ್ಲೆಲ್ಲ, "ಏನಪಾ, ಏನರ ಸುದ್ದಿ?" ಎನ್ನುತ್ತಿದ್ದ. ಇಲ್ಲ ಎಂದರೆ, "ಯಾವಾಗ ನೋಡಿದ್ರೂ ಬಾಗಲಕ್ಕ ಬಣ್ಣಾ ಹಚ್ಚತಿರತಿ, ಮನಿ ಒಳಗೂ ಒಂಚೂರು ಹೋಗೋ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ತುಳಜಾ ಹಿತ್ತಲಲ್ಲಿ ವಾಂತಿ ಮಾಡಿದಳು. ಮಗ್ಗುಲ ಮನೆಯ ಬಾಗವ್ವ ಗೋಡೆಯ ಮೇಲಿಂದ ಇಣುಕಿದಳು. ಅಷ್ಟೇ ಸಾಕಾಯಿತು. ನನಗೆ ಸುದ್ದಿ ಗೊತ್ತಾಗುವ ಮೊದಲೇ ಓಣಿಯ ಬೇವಿನ ಗಿಡಕ್ಕೆ ತೋರಣ ಕಟ್ಟಿದ್ದರು. ಏನು ಹಬ್ಬ ಎಂದು ನಾನೇ ಕೇಳಿದೆ.

ತುಳಜಾಳಿಗೆ ಅಷ್ಟರಲ್ಲಿ ಬಟ್ಟಲಿನ ಕತೆ ಗೊತ್ತಾಗಿತ್ತು. ಕೂಸಿಗೆಂದು ಕುಂಚಿಗೆ ಹೊಲಿಯಲು ಕೂತಳು; ಹೆಗಲವರೆಗೆ ಇಳಿಯುವ ಟೊಪ್ಪಿಗೆ, ಕೆಂಪು ಅಂಚಿನದು. ಬಾಗವ್ವ ಬಂದು ಅದನ್ನು ಕೈಯಲ್ಲಿ ಹಿಡಿದು ಬಿದ್ದು ಬಿದ್ದು ನಕ್ಕಳು. "ಯವ್ವಾ ತುಳಜವ್ವಾ, ಇದು ಕೂಸಿಗೋ ಕುಂಬಳಕಾಯಿಗೋ? ನಮ್ಮ ಊರಾಗಿನ ಕೂಸುಗಳ ತಲಿ ಇದರಾಗ ಮುಳುಗಿ ಹೋಗತಾವ" ಎಂದು ಮನೆಗೆ ಹೋಗಿ ತನ್ನ ಮಗನ ಹಳೆಯ ಕುಂಚಿಗೆ ತಂದಳು. ತುಳಜಾ ಎರಡನ್ನೂ ತೊಡೆಯ ಮೇಲೆ ಒಂದರ ಮೇಲೊಂದು ಹಾಸಿದಳು. ದೊಡ್ಡದರೊಳಗೆ ಸಣ್ಣದು ಪೂರ್ತಿ ಮರೆಯಾಯಿತು. ಬಾಗವ್ವ ನಗುತ್ತಲೇ ಇದ್ದಳು. ತುಳಜಾ ನಗಲಿಲ್ಲ.

ಆ ಸಂಜೆ ಅವಳು ನನ್ನನ್ನು ಕೂರಿಸಿಕೊಂಡು ಹೇಳಿದಳು. "ರೀ, ನಮ್ಮೂರಾಗ ಒಬ್ಬಾಕಿ ನರ್ಸಕ್ಕ ಇದ್ದಳು. ಬಸರಾದವರ ಮನಿಗೆ ಹೋಗಿ ಒಂದ ಮಾತು ಹೇಳತಿದ್ದಳು. ತಾಯಿ ಕುಡದದ್ದು ಹೊಕ್ಕಳಬಳ್ಳಿ ಹಿಡದು ಕೂಸಿಗೆ ಹೋಗತೈತಿ. ಬ್ಯಾಡ ಅನ್ನಾಕ ಅದಕ್ಕ ಬಾಯಿಲ್ಲ. ಅದರ ಮಿದುಳು ಕಟ್ಟೂ ಕಾಲ ಅದು. ಬಟ್ಟಲ ಅಂತಲ್ಲ, ಒಂದು ಚಮಚಾನೂ ಬ್ಯಾಡ ಅಂತಿದ್ದಳು."

"ಆದ್ರ ಅಮಲೆಲ್ಲಾ ಓಣಿಗೆ ಬರತೈತಲ್ಲ?" ಎಂದೆ ನಾನು.

"ಓಣಿಗೆ ಏರಿದ್ದು ಮುಂಜಾನೆ ಇಳೀತೈತಿ. ಕೂಸಿಗೆ ಏರಿದ್ದು ಇಳಿಯೂದಿಲ್ಲ." ಅವಳು ನನ್ನ ಮೂಗಿನ ಕೆಳಗೆ ಬೆರಳಿಟ್ಟಳು. "ನೀವು ಊರ ಗುಣ, ಊರ ಗುಣ ಅಂತೀರಲ್ಲ, ಇದು ಊರ ಗುಣ ಅಲ್ರೀ. ಬಟ್ಟಲದ ಗುಣ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ, ಅದೂ ಬಟ್ಟಲಿನದೇ ಇರಬೇಕು. "ಹಂಗಾದ್ರ ನಾ ಏನು, ಕೆಟ್ಟು ಹೋದ ಮಾಲೇನು? ನನ್ನ ಅವ್ವ ನನ್ನ ಕೆಡಿಸಿದಳೇನು?" ಎಂದು ಕೂಗಾಡಿ ಹೊರಗೆ ಹೋದೆ. ಬೇವಿನ ಗಿಡದ ತನಕ ಹೋಗುವಷ್ಟರಲ್ಲಿ ಯಾಕೆ ಸಿಟ್ಟಾಗಿದ್ದೆ ಎಂಬುದು ಮರೆತುಹೋಯಿತು. ತಿರುಗಿ ಬಂದೆ. ಗಿಳಿಯ ಚಿತ್ರ ನೋಡಿ ಒಳಗೆ ಕಾಲಿಟ್ಟೆ. ಆಗ ನೆನಪಾಯಿತು. ಬಾಗಿಲಲ್ಲೇ ನಿಂತೆ. ನನ್ನ ಮನೆ, ನನ್ನ ಹೆಂಡತಿ ಒಳಗಿದ್ದಾಳೆ, ಆದರೂ ನಾನು ಗಿಳಿ ಹುಡುಕಿಕೊಂಡು ಬಂದೆನಲ್ಲ. ನನ್ನ ಕೂಸೂ ಹೀಗೆಯೇ ಬಾಗಿಲು ಬಾಗಿಲು ನೋಡುತ್ತ ಅಲೆಯಬೇಕೇ, ಅದರ ಅಜ್ಜನ ಹಾಗೆ? ಒಳಗೆ ಹೋಗಿ ತುಳಜಾಳ ಪಕ್ಕ ಕೂತು ಹೇಳಿದೆ: "ಬಟ್ಟಲ ಬ್ಯಾಡ."

ಹೇಳುವುದು ಸುಲಭ. ಓಣಿಗೆ ತಿಳಿಸಿದ ದಿನ ದುಂಡಪ್ಪಜ್ಜ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಕಟ್ಟೆಗೆ ಬಂದ. ಪಾಪ, ಕೆಟ್ಟವನಲ್ಲ. ಹೆಂಡತಿ ಸತ್ತ ಮೇಲೆ ಅವನು ಬಾಯಿ ತುಂಬ ನಗುವುದು ಬಟ್ಟಲಿನ ದಿನ ಮಾತ್ರ. "ನೋಡು ತಂಗಿ, ನಾವು ನಮ್ಮ ಸಲುವಾಗಿ ಕೇಳಾಕತ್ತಿಲ್ಲ. ಕೂಸಿನ ಸಲುವಾಗಿ. ಅಮಲು ಹೊರೂದು ಹಗರ ಕೆಲಸ ಅಂತ ತಿಳಿದಿಯೇನು? ಮರುದಿನ ತಲಿ ಹೆಂಗ ಹೊಡಿತೈತಿ ಗೊತ್ತೇನು ನಿನಗ?" ಎಂದ. ಅವನ ಹಿಂದಿದ್ದವನು, "ಹೌದೌದು, ತ್ಯಾಗ ಅದು" ಎಂದ. ತುಳಜಾ ಸೆರಗು ಸರಿಮಾಡಿಕೊಂಡು, "ಅಜ್ಜಾ, ನಿಮಗ ಅಷ್ಟು ತ್ರಾಸ ಆಗತೈತಿ ಅಂದ್ರ ನಾ ಕುಡಿಯೂದ ಬ್ಯಾಡಲ್ಲ?" ಎಂದಳು. ಕೊನೆಗೆ, ಬಟ್ಟಲು ಮುಟ್ಟದವಳ ಹೆರಿಗೆಗೆ ಓಣಿಯ ಯಾವ ಹೆಂಗಸೂ ಬರುವುದಿಲ್ಲ, ಕೂಸಿನ ತೊಟ್ಟಿಲಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ಹೇಳಿ ಎದ್ದು ಹೋದರು.

ಅವ್ವ ಅವತ್ತು ಊಟ ಮಾಡಲಿಲ್ಲ. "ನನ್ನ ಕೈಯಾಗಿನ ಶೆರೆ ನನ್ನ ಸೊಸಿನ ಮುಟ್ಟೂದಿಲ್ಲ ಅಂದ್ರ ನಾ ಊರಾಗ ಹೆಂಗ ಮಾರಿ ತೋರಸಲಿ? ನಾ ಕುಡದಿಲ್ಲೇನು? ನನ್ನ ಮಗ ಚಲೋ ಇಲ್ಲೇನು?" ಎಂದಳು. ಎಂದವಳು ನನ್ನ ಕಡೆ ನೋಡಿದಳು. ನಾನು ಆಗ ನೀರು ಕುಡಿಯಲು ಬಂದು, ಯಾಕೆ ಬಂದೆನೆಂದು ಮರೆತು, ಖಾಲಿ ಲೋಟ ಹಿಡಿದು ನಿಂತಿದ್ದೆ. ಅವ್ವ ಮುಖ ಆಚೆ ತಿರುಗಿಸಿದಳು.

ಉಪಾಯ ಹೂಡಿದವಳು ತುಳಜಾ. ಅವ್ವನಿಗೂ ಓಣಿಗೂ ಬಟ್ಟಲಿಗೆ ಹೂಂ ಎಂದುಬಿಡುವುದು; ಕುಡಿದಂತೆ ಆಗಬೇಕು, ಶೆರೆ ಹೊಟ್ಟೆಗೆ ಹೋಗಬಾರದು. ಬೆಲ್ಲ ಕರಗಿಸಿ, ಅಜವಾನ ಕುದಿಸಿ, ಬಣ್ಣ ವಾಸನೆ ಎರಡೂ ಹೊಂದುವಂತೆ ಬೆಲ್ಲದ ನೀರು ಮಾಡಿದಳು. ನಮ್ಮ ಮನೆಯಲ್ಲಿ ಒಂದೇ ಥರದ ಎರಡು ಹಿತ್ತಾಳೆ ತಂಬಿಗೆಗಳಿದ್ದವು. ಶೆರೆಯ ತಂಬಿಗೆಯನ್ನು ಅವ್ವ ದೇವರ ಜಗಲಿಯ ಮೇಲೆ ಇಡುತ್ತಾಳೆ. ಬೆಲ್ಲದ ನೀರಿನದನ್ನು ತುಳಜಾ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಕುಬಸದ ದಿನ ಅವಳನ್ನು ಹೆಂಗಸರು ಮಣೆಯಿಂದ ಏಳಗೊಡುವುದಿಲ್ಲ, ಆದ್ದರಿಂದ ತಂಬಿಗೆ ಬದಲಿಸುವ ಕೆಲಸ ನನ್ನದು. ಓಣಿಗೆ ಅಮಲೇರದಿದ್ದರೆ ಶೆರೆ ಹಳಸಿದೆ ಎಂದರಾಯಿತು. "ಇದೊಂದು ಮರೀಬ್ಯಾಡ್ರಿ" ಎಂದು ನನ್ನ ಟವೆಲಿನ ಮೂಲೆಗೆ ತಾನೇ ಗಂಟು ಹಾಕಿ, ಹಸಿರು ದಾರ ಸುತ್ತಿ ಬಿಗಿದಳು. ದರ್ಜಿಯ ಕೈಯ ಗಂಟು, ಹಲ್ಲಿನಿಂದಲೂ ಬಿಚ್ಚುವಂತಿರಲಿಲ್ಲ.

ಮರೆಯಲಿಲ್ಲ ನೋಡಿ! ಬೆಳಿಗ್ಗೆ ಎದ್ದವನೇ ಕೆಲಸ ಮುಗಿಸಿದೆ. ಜಗಲಿಯ ತಂಬಿಗೆ ಡಬ್ಬಿಯ ಹಿಂದಕ್ಕೆ, ಡಬ್ಬಿಯ ಹಿಂದಿನದು ಜಗಲಿಗೆ. ಮಣೆಯ ಮೇಲೆ ಬಳೆ ಇಡಿಸಿಕೊಳ್ಳುತ್ತಿದ್ದ ತುಳಜಾ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಬಂದವರಿಗೆಲ್ಲ ಎರಡೆರಡು ಸಲ ಎಲೆ ಅಡಿಕೆ ಕೊಟ್ಟೆ. ಕೆಲವರಿಗೆ ಕೊಡಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಓಣಿ ತುಂಬಿತು. ಬೇರೆ ಓಣಿಯವರು ಗೋಡೆಯ ಮೇಲೆ ಕೂತರು. ದುಂಡಪ್ಪಜ್ಜ ಮಡಿ ಧೋತರ ಉಟ್ಟು, ಬೀಳುವಾಗ ಪೆಟ್ಟಾಗದಿರಲೆಂದು ತಲೆದಿಂಬು ತಂದಿದ್ದ. ಹಸಿರು ಸೀರೆಯ ತುಳಜಾಳನ್ನು ಬೇವಿನ ಗಿಡದ ಕೆಳಗೆ ಕೂರಿಸಿದರು. ಅವ್ವ ಜಗಲಿಯ ತಂಬಿಗೆ ತಂದು ಬೆಳ್ಳಿ ಬಟ್ಟಲಿಗೆ ಬಗ್ಗಿಸಿದಳು. ತುಳಜಾ ಧೈರ್ಯದಿಂದಲೇ ಬಟ್ಟಲು ಎತ್ತಿದಳು. ತಂಬಿಗೆ ಬದಲಾದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳಲ್ಲ. ಬಟ್ಟಲು ತುಟಿಯ ಅರ್ಧ ದಾರಿಗೆ ಬಂದದ್ದೇ ತಡ, ದುಂಡಪ್ಪಜ್ಜನ ಕಣ್ಣು ಮೇಲಾದವು. "ಬಂತು, ಬಂತು, ಮೊಣಕಾಲಿಗೆ ಬಂತು!" ಎಂದು ಎದ್ದು ನಿಂತು ಹೆಜ್ಜೆ ಹಾಕತೊಡಗಿದ. ಅವನ ಹಿಂದೆ ಇನ್ನಿಬ್ಬರು ತೂರಾಡಿದರು. ಬಾಗವ್ವ ಯಾರದೋ ಹೆಗಲಿಗೆ ಬಿದ್ದು ತವರು ನೆನೆದು ಅತ್ತಳು. ಬೆವರು ಒರೆಸಿಕೊಳ್ಳಲೆಂದು ನಾನು ಟವೆಲು ಎತ್ತಿದೆ. ಕೈಗೆ ಗಂಟು ಸಿಕ್ಕಿತು.

ಗಂಟು ಹಾಗೇ ಇತ್ತು. ಕೆಲಸವಾಗಿದ್ದರೆ ಬಿಚ್ಚಿರಬೇಕಿತ್ತಲ್ಲ? ಬಿಚ್ಚಿಲ್ಲವೆಂದರೆ ಕೆಲಸವಾಗಿಲ್ಲವೇ? ಇಲ್ಲ, ಆಗಿದೆ, ತಂಬಿಗೆ ಹಿಡಿದು ನಡೆದದ್ದು ನೆನಪಿದೆ. ಆದರೆ ಯಾವ ಕಡೆಯಿಂದ ಯಾವ ಕಡೆಗೆ? ನೆನಪಿನಲ್ಲಿ ಒಮ್ಮೆ ನಾನು ಜಗಲಿಗೆ ಬೆನ್ನು ಹಾಕಿ ಹೋಗುತ್ತಿದ್ದೆ, ಇನ್ನೊಮ್ಮೆ ಮುಖ ಹಾಕಿ. ಅದು ಇವತ್ತೋ ನಿನ್ನೆಯೋ. ತಿಳಿದುಕೊಳ್ಳಲು ಯಾರನ್ನು ಕೇಳಲಿ? ನನ್ನ ತಲೆಯನ್ನು ಬಿಟ್ಟರೆ ಸಾಕ್ಷಿಯಿಲ್ಲ, ಆ ತಲೆಯ ಹಣೆಬರಹ ನನಗೇ ಗೊತ್ತು. ಬಟ್ಟಲು ತುಳಜಾಳ ತುಟಿಗೆ ತಾಗಿತು.

"ಕುಡೀಬ್ಯಾಡ! ತುಳಜಾ, ಕುಡೀಬ್ಯಾಡ! ನನಗ ನೆನಪಿಲ್ಲ!"

ನಾನು ಜನರ ತಲೆಯ ಮೇಲೆ ಹಾದು ಹೋದೆನೋ ಕಾಲ ಸಂದಿಯಲ್ಲಿ ನುಸುಳಿದೆನೋ, ಹೋಗಿ ಬಟ್ಟಲಿನ ಮೇಲೆ ಅಂಗೈ ಮುಚ್ಚಿದೆ. ತೂರಾಡುತ್ತಿದ್ದವರು ಒಂಟಿ ಕಾಲಲ್ಲೇ ನಿಂತರು.

"ಏನ ನೆನಪಿಲ್ಲೋ?" ಎಂದಳು ಅವ್ವ.

"ತಂಬಿಗಿ ಬದಲಿ ಮಾಡೀನೋ ಇಲ್ಲೋ ನೆನಪಿಲ್ಲವ್ವಾ! ಹೌದು, ಬೆಲ್ಲದ ನೀರು ಕುಡಿಸಿ ನಿಮಗೆಲ್ಲಾ ಮೋಸಾ ಮಾಡಬೇಕು ಅಂತಿದ್ವಿ. ಅದನ್ನ ಮಾಡೀನೋ ಇಲ್ಲೋ, ಅದೂ ನೆನಪಿಲ್ಲ! ನನ್ನ ಹೊಟ್ಟಿ ಕೂಸಿನ ವಿಷಯ, ಅದನ್ನೂ ಈ ತಲ್ಯಾಗ ಹಿಡಕೊಳ್ಳಾಕ ಆಗಲಿಲ್ಲ ಅಂದ್ರ ನಾ ಎಂಥಾ ಅಪ್ಪ?" ನನಗೆ ಅಳು ಬಂದಿತ್ತು, ನಾಚಿಕೆಯೂ ಆಗಲಿಲ್ಲ. "ಊರ ಗುಣ ಅಂತೀರಿ. ನೆನಪಿಲ್ಲದ್ದು ಒಂದು ಗುಣಾನ? ಇದ್ರಾಗ ಯಾರರ ಒಬ್ಬರು ಬಾಗಲಾ ನೋಡದ ನಿಮ್ಮ ಮನಿ ಗುರುತ ಹಿಡೀರಿ ನೋಡೂಣು. ನಮ್ಮಪ್ಪಗ ಸಿಗಲಿಲ್ಲ. ನನಗ ಗಿಳಿ ಬೇಕು. ನನ್ನ ಕೂಸಿಗೆ ಗಿಳಿ ಬ್ಯಾಡ. ಅದು ತನ್ನ ಮನಿಗೆ ತಾನ ಬರಲಿ, ಅಷ್ಟ ಸಾಕು ನನಗ."

ಅವ್ವ ನನ್ನ ಅಂಗೈ ಸರಿಸಿ, ಬಟ್ಟಲಿನಲ್ಲಿ ಕಿರುಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು. ಅವಳ ಮುಖದ ನೀರಿಳಿಯಿತು. ನನ್ನನ್ನು ನೋಡಿದಳು, ತುಳಜಾಳ ಹೊಟ್ಟೆ ನೋಡಿದಳು. ಆಮೇಲೆ ಬಟ್ಟಲನ್ನು ಎತ್ತಿ ಗಟಾರಕ್ಕೆ ಸುರಿದಳು. ತಂಬಿಗೆಯಲ್ಲಿ ಉಳಿದದ್ದನ್ನೂ ಸುರಿದಳು.

"ಕಾಶವ್ವಾ!" ದುಂಡಪ್ಪಜ್ಜ ಎದೆ ಹಿಡಿದುಕೊಂಡ. "ಅಕಿ ಕುಡದ ಇಲ್ಲ ಅಂದ್ರ, ಮತ್ತ ನನಗ ಏರಿದ್ದೇನು?"

"ನಿನಗ ಏರಿದ್ದು ನಿನ್ನ ಹುಚ್ಚು, ಮಾವಾ" ಎಂದಳು ಅವ್ವ. "ಇವತ್ತಿನ ಬಟ್ಟಲ ಮುಗೀತು. ಏರಿದವರು ಇಳಿಸ್ಕೊಂಡು ಹೋಗ್ರಿ, ಏರದವರು ಹೋಳಿಗಿ ಉಂಡು ಹೋಗ್ರಿ." ಹೋಳಿಗೆ ಎಂದ ಮೇಲೆ ಜಗಳ ಮುಂದುವರಿಯುವ ಊರಲ್ಲ ನಮ್ಮದು. ಬೈಯುತ್ತಲೇ ಪಂಕ್ತಿಗೆ ಕೂತರು, ತುಪ್ಪ ಬರುವಷ್ಟರಲ್ಲಿ ಏನು ಬೈಯುತ್ತಿದ್ದೆವು ಎಂದು ಮರೆತರು.

ಎಲ್ಲರೂ ಹೋದ ಮೇಲೆ ಅವ್ವ ಹೇಳಿದಳು, ಅದು ಶೆರೆಯೇ ಆಗಿತ್ತು ಎಂದು. ತುಳಜಾ ಬೆಚ್ಚಿಬಿದ್ದಳು. "ಹೆಂಗ ಸಾಧ್ಯ ಅತ್ತಿ? ಇವರು ಬದಲಿ ಮಾಡಿದ್ದು ನಾನ ನೋಡೀನಿ." ಅವ್ವ ನಿಟ್ಟುಸಿರು ಬಿಟ್ಟಳು. "ನೀ ಮೊದಲನೇ ಸಲಾ ನೋಡೀದಿ. ಎರಡನೇ ಸಲಾ ನಾ ನೋಡೀನಿ. ಗಂಟು ಮುಟ್ಟಿಕೊಂಡು, ಅಯ್ಯಯ್ಯೋ ತಂಬಿಗಿ ಅಂತ ಓಡಿ ಬಂದ. ಇಲ್ಲಿದ್ದು ಅಲ್ಲಿಟ್ಟ, ಅಲ್ಲಿದ್ದು ಇಲ್ಲಿಟ್ಟ. ನಾ ಪೂಜಾ ಮಾಡಾಕತ್ತಾನ ಅಂದ್ಕೊಂಡೆ." ಅಂದರೆ ನಾನು ಒಂದು ಸಲ ಬದಲಿಸಿ, ಗಂಟು ಬಿಚ್ಚದೆ, ಅದೇ ಗಂಟು ಕೈಗೆ ತಾಗಿದಾಗ ಮತ್ತೊಂದು ಸಲ ಬದಲಿಸಿದ್ದೆ. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ತುಳಜಾ ಎಷ್ಟೋ ಹೊತ್ತು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಲೇ ಇದ್ದಳು, ಒಂದು ಹನಿಯೂ ಒಳಗೆ ಹೋಗಿರದಿದ್ದರೂ.

ಅವ್ವ ನನ್ನ ಹತ್ತಿರ ಬಂದು ಕೂತಳು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು, ಕಾಯಿ ಹಿಡಿದ ಹಾಗೆ. ಹೆಬ್ಬೆರಳಿನಿಂದ ನನ್ನ ಮೂಗಿನ ಕೆಳಗೆ ಸವರಿದಳು. "ನಿನಗ ಎಷ್ಟು ಬಟ್ಟಲ ಕುಡಿಸಿದೆನೋ ನನ ಮಗನಾ" ಎಂದಳು. ತುಳಜಾ ಅವಳ ಬೆನ್ನ ಮೇಲೆ ಕೈಯಿಟ್ಟು, "ನಿಮಗ ಯಾರೂ ಹೇಳಿರಲಿಲ್ಲಲ್ಲ ಅತ್ತಿ" ಎಂದಳು. "ಬಿಡವ್ವಾ, ನನಗೇನು ನೆನಪೈತೇನು?" ಎಂದೆ. ಅವ್ವ ಅಳುತ್ತಿದ್ದವಳು ನಕ್ಕಳು, ನಕ್ಕು ಮತ್ತೆ ಅತ್ತಳು.

ಮುಂದಿನ ಸಂತೆಗೆ ಓಣಿಯವರು ಎಲ್ಲ ಮರೆತು ಮತ್ತೆ ಕಟ್ಟೆಗೆ ಬಂದು ಕೂತರು. ದುಂಡಪ್ಪಜ್ಜನ ಕಂಕುಳಲ್ಲಿ ತಲೆದಿಂಬು. ಅವ್ವ ಒಳಗಿಂದ ತಂಬಿಗೆ ತಂದಳು. ಅವತ್ತು ನಮ್ಮ ಮನೆಯಲ್ಲಿ ಎರಡು ತಂಬಿಗೆಗಳಲ್ಲೂ ಬೆಲ್ಲದ ನೀರೇ ಇತ್ತು. ನಾನು ಎಷ್ಟು ಸಲ ಬದಲಿಸಿದರೂ ಚಿಂತೆಯಿರಲಿಲ್ಲ. ತುಳಜಾ ಒಂದೇ ಗುಟುಕಿಗೆ ಕುಡಿದು ಬಟ್ಟಲು ಕೆಳಗಿಟ್ಟಳು. ಓಣಿ ಕ್ಷಣ ಹೊತ್ತು ಕಾಯಿತು. ಆಮೇಲೆ ಒಬ್ಬೊಬ್ಬರೇ ತೂರಾಡಿದರು, ಹಾಡಿದರು, ಬೇವಿನ ಗಿಡವನ್ನು ತಬ್ಬಿದರು. "ಕಾಶವ್ವಾ, ಈ ಸಲದ್ದು ಭಾಳ ಖಡಕ್ ಐತಿ!" ಎಂದು ದುಂಡಪ್ಪಜ್ಜ ಬಾಯಿ ತುಂಬ ನಗುತ್ತ ದಿಂಬಿನ ಮೇಲೆ ಬಿದ್ದ. ಇದರ ಅರ್ಥವೇನೆಂದು ನಾನು ಕೆದಕಲು ಹೋಗಿಲ್ಲ. ಅಂದಿನಿಂದ ಅವ್ವ ಊರಿನ ಯಾವ ಓಣಿಗೂ ಶೆರೆ ಇಳಿಸಿಲ್ಲ. ಬೆಲ್ಲ, ಅಜವಾನ, ನೀರು. ಬಟ್ಟಲಿನ ಹಬ್ಬ ಇನ್ನೂ ನಡೆಯುತ್ತದೆ. ನಾನು ನಿಮಗೆ ಗುಟ್ಟು ಹೇಳಿದ್ದೇನೆ, ಹೇಳಿದ್ದು ಅವ್ವನಿಗೆ ಗೊತ್ತಾದರೆ ನನ್ನ ಕತೆ ಮುಗಿಯಿತು. ನಮ್ಮೂರವರಿಗೆ ಬೇಕಾದರೆ ಹೇಳಿ, ನಾಳೆಗೆ ಮರೆತಿರುತ್ತಾರೆ.

ಮಗಳು ಹುಟ್ಟಿದಳು. ಹೆರಿಗೆಗೆ ಓಣಿಯ ಹೆಂಗಸರೆಲ್ಲ ಬಂದರು. ಮೂಗಿನ ಕೆಳಗೆ ತೋಡು ಕಂಡು, "ಪಾಪ, ಅವ್ವನ ಹಂಗ" ಎಂದರು. ಕೆಂಪು ಅಂಚಿನ ಕುಂಚಿಗೆ ತಲೆಗೆ ಸರಿಯಾಗಿ ಕೂತಿತು. ಪುತಳಿ ಎಂದು ಹೆಸರಿಟ್ಟೆವು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಊರಲ್ಲಿ ಅವಳ ಹಿಂದೆ ಹುಟ್ಟಿದ ಮಕ್ಕಳೂ ಹೋಗುತ್ತಾರೆ, ಅವರ ಕಾಟ ತಾಳದೆ ಊರವರು ಆರರ ಮಗ್ಗಿ ಬರುವ ಮಾಸ್ತರರನ್ನು ಹುಡುಕುತ್ತಿದ್ದಾರೆ. ಶಾಲೆ ಬಿಟ್ಟ ಮೇಲೆ ಅವಳು ಆಟವಾಡುತ್ತ ಎಲ್ಲೆಲ್ಲೋ ಹೋಗುತ್ತಾಳೆ. ಸಂಜೆ ಓಣಿಯ ತಿರುವಿನಲ್ಲಿ ಕಾಣುತ್ತಾಳೆ, ಗೆಳತಿಯ ಜೊತೆ ಮಾತಾಡುತ್ತ, ಹಿಂದೆ ನೋಡುತ್ತ ನಡೆಯುತ್ತಾಳೆ, ಬಾಗಿಲ ಕಡೆ ಕಣ್ಣೆತ್ತದೆ ನೇರ ನಮ್ಮ ಮನೆಯೊಳಗೆ ಬರುತ್ತಾಳೆ. ದಿನಾ ನೋಡಿದರೂ ನನಗೆ ಎದೆ ತುಂಬಿ ಬರುತ್ತದೆ. ಗಿಳಿಯ ಬಣ್ಣ ಮಾಸಿದೆ. ಮತ್ತೆ ಬರೆಯಬೇಕು, ನನಗಾಗಿ.

ನನ್ನ ಗಂಟುಗಳನ್ನು ಬಿಚ್ಚುವುದು ಈಗ ಅವಳ ಕೆಲಸ. ನಿನ್ನೆ ಸಂಜೆ ನನ್ನ ತೊಡೆಯ ಮೇಲೆ ಕೂತು ಟವೆಲು ಹಿಡಿದಳು. "ಅಪ್ಪಾ, ಈ ಗಂಟು ಯಾಕ?"

"ನೆನಪಿಲ್ಲವಾ."

"ಆಯಿಗೆ ಎಲಿ ಅಡಕಿ ತರಬೇಕಂತ ಮುಂಜಾನೆ ಹಾಕ್ಕೊಂಡಿ. ನೀ ತಂದಿ, ಆಯಿ ತಿಂದಳು" ಎಂದು ಬಿಚ್ಚಿದಳು. ನನ್ನ ಅವ್ವನನ್ನು ಅವಳು ಆಯಿ ಎನ್ನುತ್ತಾಳೆ. ಇನ್ನೊಂದನ್ನೂ ಹೇಳಿದಳು, ಬಿಚ್ಚಿದಳು. ಆಮೇಲೆ ಗೂಟಕ್ಕೆ ತೂಗುಹಾಕಿದ್ದ ಹಳೆಯ ಟವೆಲು ಕಂಡಿತು. ಹರಿದು ಜಾಳಾಗಿದೆ, ಯಾರೂ ಅದನ್ನು ಹೊದೆಯುವುದಿಲ್ಲ. ಅದರ ಮೂಲೆಯಲ್ಲಿ ಹಸಿರು ದಾರ ಸುತ್ತಿದ ಗಂಟು. ಅವಳು ತುದಿಗಾಲಲ್ಲಿ ನಿಂತು ಅದಕ್ಕೆ ಕೈ ಹಾಕಿದಳು.

"ಅದು ಬ್ಯಾಡ ಪುತಳಿ. ಅದೊಂದು ಇರಲಿ."

"ಯಾಕ? ಇದು ಯಾತಕ್ಕ ಅಂತ ನನಗೂ ಗೊತ್ತಿಲ್ಲ. ಮತ್ತ ನಿನಗ ಯಾರು ಹೇಳಬೇಕು?"

"ಯಾರೂ ಹೇಳೂದು ಬ್ಯಾಡ" ಎಂದೆ. "ಅದು ಯಾತಕ್ಕಂತ ನನಗ ನೆನಪೈತಿ."